ಕಾವೇರಿ ಸಂಪರ್ಕವೋ ಟ್ಯಾಂಕರೋ: ಬೆಂಗಳೂರಿನಲ್ಲಿ ಒಂದು ಲೀಟರ್ ನೀರಿಗೆ ಯಾರು, ಎಷ್ಟು ಕೊಡುತ್ತಿದ್ದೇವೆ?

ವರ್ತೂರಿನ ಖಜಾಂಚಿ

ಎಲ್ಲರಿಗೂ ನಮಸ್ಕಾರ. ನಮ್ಮದು 96 ಮನೆಗಳಿರುವ ವಸತಿ ಸಮುಚ್ಚಯ. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಒಂದರ ಜಾಗದಲ್ಲಿ ಕಟ್ಟಿದ್ದು. ಕಾವೇರಿ ನೀರನ್ನು ನಗರಕ್ಕೆ ತರುವ ಯೋಜನೆಯ ಐದನೇ ಹಂತದ ಕೊಳವೆ ನಮ್ಮ ರಸ್ತೆಯವರೆಗೂ ಬಂದಿದೆ. ಸಂಪರ್ಕ ಪಡೆಯಬೇಕಾದರೆ ಆರಂಭದ ಶುಲ್ಕಗಳೆಲ್ಲ ಸೇರಿ ಮನೆಯೊಂದಕ್ಕೆ ಸರಾಸರಿ 40,000 ರೂಪಾಯಿ, ಅಂದರೆ ಒಟ್ಟು 38 ಲಕ್ಷ ದಾಟುತ್ತದೆ ಎಂಬುದು ನಮ್ಮ ಅಂದಾಜು.

ಈಗಿನ ವ್ಯವಸ್ಥೆ ಹೀಗಿದೆ. ಮೂರು ಕೊಳವೆಬಾವಿಗಳಲ್ಲಿ ಎರಡು 2024ರ ಮಾರ್ಚ್‌ನಲ್ಲಿ ಬತ್ತಿದವು. ಆ ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಟ್ಯಾಂಕರ್ ತರಿಸಿದೆವು. 12,000 ಲೀಟರ್‌ನ ಒಂದು ಲೋಡಿಗೆ 1,800 ರೂಪಾಯಿಯಂತೆ ತಿಂಗಳಿಗೆ ಎರಡು ಲಕ್ಷದ ಮೇಲೆ ಹೋಯಿತು. ಆಮೇಲೆ ಮಳೆಯಾಗಿ ಒಂದು ಬಾವಿ ಚೇತರಿಸಿಕೊಂಡಿದೆ. ಈಗ ದಿನಕ್ಕೆ ಎರಡು ಲೋಡು, 1,100ರಂತೆ ತಿಂಗಳಿಗೆ 66,000 ರೂಪಾಯಿ.

ಬರುವ ಭಾನುವಾರ ಸರ್ವಸದಸ್ಯರ ಸಭೆಯಿದೆ. ಅರ್ಧದಷ್ಟು ಜನ ಸಂಪರ್ಕ ಬೇಡವೆನ್ನುತ್ತಿದ್ದಾರೆ. "ಟ್ಯಾಂಕರ್ ಹೇಗೂ ಬರುತ್ತದೆ, 40,000 ಯಾಕೆ ಸುರಿಯಬೇಕು?" ಎಂಬುದು ಅವರ ವಾದ. ನಾನು ಬ್ಯಾಂಕಿನಲ್ಲಿದ್ದವನು, ಲೆಕ್ಕ ಗೊತ್ತು. ಆದರೆ ಈ ಲೆಕ್ಕದಲ್ಲಿ ಏನೋ ತಪ್ಪಿಸಿಕೊಳ್ಳುತ್ತಿದೆ ಎನ್ನಿಸುತ್ತಿದೆ. ತಿಳಿದವರು ಹೇಳಬೇಕು.

ನಾಲ್ಕನೇ ಬ್ಲಾಕ್

ನಮಗೆ ಕಾವೇರಿ ನೀರು ಮೊದಲಿನಿಂದಲೂ ಇದೆ. ಆದರೂ ಹೇಳುತ್ತೇನೆ, ದರ ವಿಪರೀತವಾಗಿದೆ. 2025ರ ಏಪ್ರಿಲ್‌ನಲ್ಲಿ ಏರಿಸಿದ್ದು ಸಾಲದೆಂದು ಇನ್ನು ಮೇಲೆ ಪ್ರತಿ ವರ್ಷ ಶೇಕಡ 3ರಷ್ಟು ಏರಿಸುತ್ತಾರಂತೆ. ಸಂಪರ್ಕ ತೆಗೆದುಕೊಂಡ ಮೇಲೆ ನೀವೂ ನಮ್ಮ ಹಾಗೆಯೇ ಗೊಣಗುತ್ತೀರಿ.

ಬೊಮ್ಮನಹಳ್ಳಿ ವಠಾರ

ನಾಲ್ಕನೇ ಬ್ಲಾಕಿನವರೇ, ನಿಮ್ಮ ದರ ಏರಿದ್ದು ಹನ್ನೊಂದು ವರ್ಷಗಳ ನಂತರ. 2014ರಿಂದ 2025ರವರೆಗೆ ಮೊದಲ 8,000 ಲೀಟರ್‌ಗೆ ನೀವು ಕೊಡುತ್ತಿದ್ದುದು ಸಾವಿರ ಲೀಟರ್‌ಗೆ 7 ರೂಪಾಯಿ. ಆ ಹಂತದಲ್ಲಿ 2025ರಲ್ಲಿ ಏರಿದ್ದು ಲೀಟರ್‌ಗೆ 0.15 ಪೈಸೆ, ಅಂದರೆ ಸಾವಿರ ಲೀಟರ್‌ಗೆ ಒಂದೂವರೆ ರೂಪಾಯಿ. ನಮ್ಮ ಓಣಿಯ ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುತ್ತದೆ. ಸಾವಿರ ಲೀಟರ್‌ಗೆ ಎಷ್ಟಾಯಿತು, ನೀವೇ ಗುಣಿಸಿ ನೋಡಿ.

ನಾಲ್ಕನೇ ಬ್ಲಾಕ್

250 ರೂಪಾಯಿ. ಆಯಿತು ತಾಯಿ, ಒಪ್ಪಿದೆ. ಆದರೆ ಅದು ಶುದ್ಧೀಕರಿಸಿದ ಕುಡಿಯುವ ನೀರು, ಬಟ್ಟೆ ಒಗೆಯುವ ನೀರಲ್ಲ. ಹೋಲಿಕೆ ಪೂರ್ತಿ ಸರಿಯಲ್ಲ.

ಬೊಮ್ಮನಹಳ್ಳಿ ವಠಾರ

ಬಟ್ಟೆ ಒಗೆಯುವ ನೀರಿನ ಲೆಕ್ಕವನ್ನೂ ಕೇಳಿ. ನಮ್ಮ ವಠಾರದಲ್ಲಿ ಒಂಬತ್ತು ಮನೆಗಳಿವೆ, ಹೆಚ್ಚಿನವರು ಗಾರ್ಮೆಂಟ್ಸ್‌ಗೆ ಹೋಗುವವರು. ಬಾಡಿಗೆಯಲ್ಲದೆ ತಲೆಗೆ ಇಷ್ಟೆಂದು ನೀರಿನ ಹಣವನ್ನು ಮಾಲೀಕರು ಬೇರೆಯಾಗಿಯೇ ಕೇಳುತ್ತಾರೆ. ಊರಿನಿಂದ ಅಮ್ಮ ಬಂದು ಹದಿನೈದು ದಿನ ಉಳಿದರೆ ಅದಕ್ಕೂ ಲೆಕ್ಕ. ಬೆಳಿಗ್ಗೆ ಐದೂವರೆಗೆ ಅರ್ಧ ಗಂಟೆ ಮೋಟಾರು ಹಾಕುತ್ತಾರೆ. ಅಷ್ಟರೊಳಗೆ ಹಿಡಿದುಕೊಂಡದ್ದು ನಮ್ಮದು. ನೀರು ಹಿಡಿಯುವುದಕ್ಕೇ ಒಬ್ಬರು ಮನೆಯಲ್ಲಿ ಉಳಿಯಬೇಕಾಗಿ ಬಂದು, ಪಕ್ಕದ ಮನೆಯ ಹುಡುಗಿ ಆ ಬೇಸಿಗೆಯಲ್ಲಿ ಎಷ್ಟೋ ದಿನ ಪಾಳಿ ತಪ್ಪಿಸಿಕೊಂಡಳು. ಆ ಕೂಲಿಯನ್ನೂ ನೀರಿನ ಬೆಲೆಗೆ ಸೇರಿಸಬೇಕಲ್ಲವೇ?

ಪಂಪ್‌ಹೌಸ್ ನಿವೃತ್ತ

ಮೂವತ್ತೊಂದು ವರ್ಷ ನೀರೆತ್ತುವ ಕೆಲಸದಲ್ಲೇ ಇದ್ದವನು ನಾನು. ಬೆಲೆಯ ಮಾತು ಬಂದಾಗಲೆಲ್ಲ ಜನ ಒಂದು ವಿಷಯವನ್ನು ಮರೆಯುತ್ತಾರೆ: ಬೆಂಗಳೂರು ನದಿಯ ದಡದ ಊರಲ್ಲ, ಗುಡ್ಡದ ಮೇಲಿನ ಊರು. ಕಾವೇರಿ ಇಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಸುಮಾರು 500 ಮೀಟರ್ ಕೆಳಗೆ ಹರಿಯುತ್ತಾಳೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಮೆಟ್ಟಿಲಲ್ಲಿ ಎತ್ತಿ ತರಬೇಕು.

ಈಗ ಪ್ರೌಢಶಾಲೆಯ ಭೌತಶಾಸ್ತ್ರ. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಏನೂ ಪೋಲಾಗದಿದ್ದರೂ ಸುಮಾರು 1.36 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟಾರು, ಕೊಳವೆಯ ಘರ್ಷಣೆ ಎಲ್ಲ ಸೇರಿಸಿದರೆ ಎರಡು ಯೂನಿಟ್‌ನ ಹತ್ತಿರ ಬಂದು ನಿಲ್ಲುತ್ತದೆ. ಯೂನಿಟ್‌ಗೆ ಆರು ರೂಪಾಯಿ ಎಂದೇ ಹಿಡಿಯಿರಿ, ವಿದ್ಯುತ್ತೊಂದಕ್ಕೇ 12 ರೂಪಾಯಿ ಆಯಿತು. ಅದನ್ನು ಹನ್ನೊಂದು ವರ್ಷ 7 ರೂಪಾಯಿಗೆ ಕೊಟ್ಟೆವು. ಸಂಬಳ, ಕ್ಲೋರಿನ್, ಕೊಳವೆ ದುರಸ್ತಿ, ಸಾಲದ ಬಡ್ಡಿ ಇವನ್ನು ನಾನಿನ್ನೂ ಸೇರಿಸಿಯೇ ಇಲ್ಲ.

ಹಿಂದೆ ಹೀಗಿರಲಿಲ್ಲ. 1896ರ ಹೆಸರಘಟ್ಟ, 1933ರ ತಿಪ್ಪಗೊಂಡನಹಳ್ಳಿ ಎರಡೂ ಅರ್ಕಾವತಿಯವು, ಹತ್ತಿರದವು. ಆ ಜಲಾನಯನವನ್ನು ಹಾಳುಮಾಡಿಕೊಂಡು 1974ರಿಂದ ಹಂತಹಂತವಾಗಿ ದೂರದ ನೀರಿಗೆ ಕೈಚಾಚಿದೆವು.

ಅಂಕಗಣಿತ

ನಿವೃತ್ತರ ಲೆಕ್ಕಕ್ಕೆ ಬಂಡವಾಳದ ಪಾಲನ್ನೂ ಸೇರಿಸೋಣ. ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ವೆಚ್ಚವನ್ನು ಸುಮಾರು 4,300 ಕೋಟಿ ರೂಪಾಯಿ ಎಂದು ಹಿಡಿದರೂ ದಿನಕ್ಕೆ ಒಂದು ಲೀಟರ್ ತರುವ ಸಾಮರ್ಥ್ಯ ಕಟ್ಟಲು 55 ರೂಪಾಯಿ ತಗುಲಿದೆ. ದಿನಕ್ಕೆ 500 ಲೀಟರ್ ಬಳಸುವ ಮನೆಗೆ ಸುಮಾರು 28,000 ರೂಪಾಯಿಯ ಬಂಡವಾಳ. ಖಜಾಂಚಿಯವರಿಗೆ ಬಂದಿರುವ 40,000ದ ಅಂದಾಜನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅದು ಹಗಲುದರೋಡೆಯಂತೆ ಕಾಣುವುದಿಲ್ಲ. ಒಳಗಿನ ಹಂಚಿಕೆ ಕೊಳವೆ, ಒಳಚರಂಡಿ ಬೇರೆ ಇವೆಯಲ್ಲ.

ಅರ್ಥಶಾಸ್ತ್ರದವರು ಸರಾಸರಿ ವೆಚ್ಚ, ಅಂಚಿನ ವೆಚ್ಚ (ಹೊಸದಾಗಿ ಇನ್ನೊಂದು ಲೀಟರ್ ತರಲು ತಗಲುವ ವೆಚ್ಚ) ಎಂದು ಎರಡು ಮಾತು ಆಡುತ್ತಾರೆ. ಜಯನಗರದಂಥ ಹಳೆಯ ಬಡಾವಣೆಗಳವರು ಕುಡಿಯುತ್ತಿರುವುದು ಎಂದೋ ತೀರಿಹೋದ ಸಾಲದ ಅಗ್ಗದ ನೀರು. ವರ್ತೂರಿನವರ ಮುಂದಿರುವುದು ಇಂದಿನ ದರದಲ್ಲಿ ತಂದ ದುಬಾರಿ ನೀರು. ನದಿ ಅದೇ, ತೊರೆಕಾಡನಹಳ್ಳಿಯೂ ಅದೇ; ಆದರೆ ಮೊದಲು ಬಂದವರಿಗೆ ಒಂದು ಬೆಲೆ, ತಡವಾಗಿ ಬಂದವರಿಗೆ ಇನ್ನೊಂದು. ನಗರ ಬೆಳೆದಂತೆಲ್ಲ ಹೊಸಬರ ಮೇಲೆ ಹೊರೆ ಹೊರಿಸುವುದು ಸುಲಭ, ಏಕೆಂದರೆ ಯೋಜನೆ ತೀರ್ಮಾನವಾಗುವಾಗ ಅವರಿನ್ನೂ ಈ ಊರಿನ ಮತದಾರರಾಗಿರುವುದಿಲ್ಲ.

ನಾಲ್ಕನೇ ಬ್ಲಾಕ್

ಹೊಸಬರು ಬಂದದ್ದರಿಂದಲೇ ಅಲ್ಲವೇ ಐದನೇ ಹಂತ ಬೇಕಾದದ್ದು? ಅವರು ಕೊಡದೆ ಇನ್ಯಾರು ಕೊಡಬೇಕು?

ಅಂಕಗಣಿತ

ಆ ಹೊಸಬರ ಸಂಬಳದಿಂದಲೇ ನಿಮ್ಮ ಮೇಲಿನ ಮಹಡಿಯ ಬಾಡಿಗೆ ಏರಿದ್ದು, ಸ್ವಾಮಿ.

ಮಳವಳ್ಳಿಯವನು

ನಿಮ್ಮ ನಿಮ್ಮೊಳಗಿನ ಹಂಚಿಕೆಯ ಜಗಳ ಓದುತ್ತಿದ್ದೇನೆ. ತೊರೆಕಾಡನಹಳ್ಳಿ ಇರುವುದು ನಮ್ಮ ತಾಲ್ಲೂಕಿನಲ್ಲಿ. 2023ರ ಮುಂಗಾರಿನಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಆ ವರ್ಷ ನಾವು ನಾಲೆಯ ನೀರು ನಂಬಿ ಭತ್ತದ ಒಟ್ಟಲು ಹಾಕಿ ಕೈಸುಟ್ಟುಕೊಂಡೆವು. ನಿಮ್ಮ ಕೊಳವೆಯನ್ನು ಯಾರೂ ನಿಲ್ಲಿಸಲಿಲ್ಲ. ಕುಡಿಯುವ ನೀರಿಗೆ ಮೊದಲ ಆದ್ಯತೆ, ಅದು ಸರಿ, ನಾನೂ ಒಪ್ಪುತ್ತೇನೆ. ಆದರೆ ಆ ನೀರಿನಲ್ಲಿ ಕಾರು ತೊಳೆಯಬೇಡಿ ಎಂದು ಹೇಳುವುದಕ್ಕೆ 5,000 ರೂಪಾಯಿ ದಂಡದ ಆದೇಶ ಹೊರಡಿಸಬೇಕಾಯಿತಲ್ಲ!

ನಿಮ್ಮ ಲೆಕ್ಕದಲ್ಲಿ ವಿದ್ಯುತ್ತಿದೆ, ಬಂಡವಾಳವಿದೆ, ಬಡ್ಡಿಯಿದೆ. ನೀರಿಗೆ ಮಾತ್ರ ಬೆಲೆ ಸೊನ್ನೆ. ಗದ್ದೆಗೆ ಬರಬೇಕಾದ ನೀರು ತಪ್ಪಿದ್ದರ ಬೆಲೆ ಯಾವ ಕಾಲಮ್ಮಿನಲ್ಲಿದೆ?

ಪಂಪ್‌ಹೌಸ್ ನಿವೃತ್ತ

ನೋವು ಅರ್ಥವಾಗುತ್ತದಪ್ಪ, ಆದರೆ ಪ್ರಮಾಣವನ್ನು ತಪ್ಪಾಗಿ ತಿಳಿಯಬಾರದು. ಐದನೇ ಹಂತದ ನೀರು ವರ್ಷಕ್ಕೆ ಸುಮಾರು 10 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಹಳೆಯ ನಾಲ್ಕು ಹಂತಗಳ ದಿನಕ್ಕೆ 145 ಕೋಟಿ ಲೀಟರ್‌ನ್ನೂ ಸೇರಿಸಿದರೆ ಒಟ್ಟು 29 ಟಿಎಂಸಿಯ ಆಸುಪಾಸು. ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ರಾಜ್ಯಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಹೆಸರಿನಲ್ಲೇ ಇದೆ. ರಾಜ್ಯದ ಒಟ್ಟು ಪಾಲು 284.75. ಎಂದರೆ ಈ ಮಹಾನಗರ ಕುಡಿಯುವುದು ನಮ್ಮ ಪಾಲಿನ ಹತ್ತನೇ ಒಂದು ಭಾಗದಷ್ಟು.

ಮಳವಳ್ಳಿಯವನು

ಸಾಮಾನ್ಯ ವರ್ಷದಲ್ಲಿ ಹತ್ತನೇ ಒಂದು ಭಾಗ ಸಾರ್. ಬರದ ವರ್ಷದಲ್ಲಿ ನಮ್ಮ ಪಾಲು ಕುಗ್ಗುತ್ತದೆ, ನಿಮ್ಮ ಕೊಳವೆ ಕುಗ್ಗುವುದಿಲ್ಲ. ಆಗ ಅದೇ ಭಾಗ ಎಷ್ಟಾಗುತ್ತದೆ ಎಂದು ಒಮ್ಮೆ ಭಾಗಿಸಿ ನೋಡಿ.

ಪಂಪ್‌ಹೌಸ್ ನಿವೃತ್ತ

ಅದು ನ್ಯಾಯವಾದ ಮಾತು. ಒಪ್ಪಿದೆ.

ನೀರಿನ ಗಾಡಿ

ಟ್ಯಾಂಕರ್‌ನವರನ್ನು ಇಲ್ಲಿ ಯಾರೂ ಇನ್ನೂ ಬೈದಿಲ್ಲ ಎಂಬುದೇ ಆಶ್ಚರ್ಯ, ಆದ್ದರಿಂದ ಬೈಯುವ ಮೊದಲೇ ಹೇಳಿಬಿಡುತ್ತೇನೆ. ನನ್ನ ಹತ್ತಿರ ಎರಡು ಗಾಡಿಗಳಿವೆ. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ದರ ನಿಗದಿ ಮಾಡಿತು: ಐದು ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ, ಐದರಿಂದ ಹತ್ತು ಕಿಲೋಮೀಟರ್‌ಗೆ 1,200. ಆದರೆ ಹತ್ತು ಕಿಲೋಮೀಟರ್ ಒಳಗಿನ ಬೋರ್‌ವೆಲ್‌ಗಳೇ ಬತ್ತಿಹೋಗಿದ್ದರೆ ಆ ದರ ಯಾವ ನೀರಿಗೆ? ನಾನು ತೋಟದ ಬಾವಿಯ ರೈತನಿಗೆ ಲೋಡಿನ ಮೇಲೆ ದುಡ್ಡು ಕೊಡಬೇಕು, ಬಾವಿಯ ಮುಂದೆ ಮೂರು ಗಂಟೆ ಸರದಿ ನಿಲ್ಲಬೇಕು. ಹಿಂದೆ ದಿನಕ್ಕೆ ಎಂಟು ಟ್ರಿಪ್ ಹೊಡೆಯುತ್ತಿದ್ದ ಗಾಡಿ ಆಗ ಮೂರು ಹೊಡೆಯುತ್ತಿತ್ತು. ಗಾಡಿಯ ಕಂತು ಮಾತ್ರ ಎಂಟು ಟ್ರಿಪ್ಪಿನ ಲೆಕ್ಕದ್ದೇ.

ನಮ್ಮಲ್ಲಿ ಲೂಟಿಕೋರರಿಲ್ಲ ಎನ್ನುವುದಿಲ್ಲ, ಇದ್ದಾರೆ. ಆದರೆ ಕೊಳವೆ ಬರದಿದ್ದ ಇಷ್ಟೂ ವರ್ಷ ಅಲ್ಲಿನ ಜನರಿಗೆ ನೀರು ತಲುಪಿಸಿದವರು ನಾವೇ.

ಅಂಕಗಣಿತ

ಗಾಡಿಯಣ್ಣ ಹೇಳಿದ್ದರಲ್ಲಿ ಹುರುಳಿದೆ. ಬೆಲೆಗೆ ಮಿತಿ ಹಾಕಿದ ಮಾತ್ರಕ್ಕೆ ನೀರು ಹುಟ್ಟುವುದಿಲ್ಲ. ಮಿತಿಯ ದರಕ್ಕೆ ಗಾಡಿ ಬರುವುದು ನಿಲ್ಲುತ್ತದೆ, ಇಲ್ಲವೇ ಹೆಚ್ಚು ಕೊಡುವವರ ಗೇಟಿಗೆ ಮೊದಲು ಹೋಗುತ್ತದೆ. ಆದರೆ ಒಂದು ಪ್ರಶ್ನೆಯನ್ನು ಅವರೂ ಬಿಟ್ಟಿದ್ದಾರೆ. ಒಂದು ತೋಟದ ಬಾವಿಯಿಂದ ದಿನಕ್ಕೆ ನಲವತ್ತು ಲೋಡು ಎತ್ತಿದಾಗ ಸುತ್ತಲಿನ ಬಾವಿಗಳ ಮಟ್ಟವೂ ಇಳಿಯುತ್ತದೆ. ಆ ನಷ್ಟ 1,000ದಲ್ಲಿಯೂ ಇಲ್ಲ, 1,800ರಲ್ಲಿಯೂ ಇಲ್ಲ. ಸರ್ಕಾರವೇ ಆಗ ಕೊಟ್ಟ ಅಂಕಿಯಂತೆ ನಗರದ 13,900 ಸಾರ್ವಜನಿಕ ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು.

ಸಿಂಗಪುರದಲ್ಲಿರುವ ಮಾಲೀಕ

ಖಜಾಂಚಿಯವರೇ, ನಿಮ್ಮಂಥದೇ ಸಮುಚ್ಚಯದಲ್ಲಿ ನನ್ನದೊಂದು ಮನೆಯಿದೆ, ಬಾಡಿಗೆಗೆ ಕೊಟ್ಟಿದ್ದೇನೆ. ಸಂಪರ್ಕ ಬೇಡ ಎಂದು ಮತ ಹಾಕುವವರಲ್ಲಿ ನಾನೂ ಒಬ್ಬ. ನಮ್ಮ ಪಕ್ಷವನ್ನೂ ಕೇಳಿ. ಟ್ಯಾಂಕರ್ ಖರ್ಚು ನಿರ್ವಹಣಾ ಶುಲ್ಕದಲ್ಲಿ ಸೇರಿರುತ್ತದೆ, ಅದನ್ನು ಕೊಡುವವರು ಬಾಡಿಗೆದಾರರು. 40,000 ಕೊಡಬೇಕಾದವನು ನಾನು. ಉಳಿತಾಯವಾಗುವುದು ಅವರಿಗೆ, ಖರ್ಚು ನನಗೆ. ಇದರಲ್ಲಿ ದುರಾಸೆ ಏನಿದೆ? ಇಲ್ಲಿ ಸಿಂಗಪುರದಲ್ಲಿ 1991ರಿಂದ ನೀರಿನ ಬಿಲ್ಲಿನ ಮೇಲೆ ಮಿತಬಳಕೆಯ ತೆರಿಗೆಯಿದೆ, ಬಳಸುವವನೇ ಕಟ್ಟುತ್ತಾನೆ. ಆ ಕ್ರಮ ನ್ಯಾಯವಾಗಿ ಕಾಣುತ್ತದೆ.

ಬೊಮ್ಮನಹಳ್ಳಿ ವಠಾರ

ನಾಳೆ ಅದೇ ಮನೆಯನ್ನು "ಕಾವೇರಿ ನೀರಿನ ಸೌಲಭ್ಯವಿದೆ" ಎಂದು ಜಾಹೀರಾತು ಹಾಕಿ ಬಾಡಿಗೆ ಏರಿಸುವವರು ಯಾರು, ಬಾಡಿಗೆದಾರರೇ?

ವರ್ತೂರಿನ ಖಜಾಂಚಿ

ನನ್ನ ಲೆಕ್ಕದಲ್ಲಿ ತಪ್ಪಿಸಿಕೊಳ್ಳುತ್ತಿದ್ದುದು ಏನೆಂದು ಈಗ ತಿಳಿಯಿತು. ನಮ್ಮ 96ರಲ್ಲಿ 55 ಮನೆಗಳು ಬಾಡಿಗೆಗೆ ಹೋಗಿವೆ. ತಿಂಗಳಿಗೆ 66,000 ಉಳಿತಾಯ, 38 ಲಕ್ಷ ಹೂಡಿಕೆ, ಐದು ವರ್ಷದಲ್ಲಿ ವಾಪಸ್ಸು ಎಂದು ಇಡೀ ಸಮುಚ್ಚಯವನ್ನು ಒಂದೇ ಮನೆಯಂತೆ ಲೆಕ್ಕ ಹಾಕಿದ್ದೆ. ಆದರೆ ಹೂಡುವವರು 96 ಮಾಲೀಕರು, ಉಳಿಸುವವರಲ್ಲಿ 55 ಜನ ಸಭೆಯಲ್ಲಿ ಮತವಿಲ್ಲದವರು. ಅಂಕಗಣಿತದವರು ನಗರದ ಬಗ್ಗೆ ಹೇಳಿದ್ದೇ ನಮ್ಮ ಗೇಟಿನೊಳಗೂ ನಡೆಯುತ್ತಿದೆ.

ಅಂಕಗಣಿತ

ನಿಮ್ಮ ಐದು ವರ್ಷದ ಲೆಕ್ಕದಲ್ಲಿ ಎರಡು ತಿದ್ದುಪಡಿಗಳಿವೆ. ಕಾವೇರಿ ನೀರಿಗೂ ಬಿಲ್ಲು ಬರುತ್ತದೆ, ಆದ್ದರಿಂದ 66,000 ಪೂರ್ತಿ ಉಳಿಯುವುದಿಲ್ಲ. ಇನ್ನೊಂದು ಕಡೆ, 2024ರಂಥ ಬೇಸಿಗೆ ಒಮ್ಮೆ ಮರುಕಳಿಸಿದರೆ ಒಂದೇ ತಿಂಗಳಲ್ಲಿ ಎರಡು ಲಕ್ಷ ಹೋಗುತ್ತದೆ. ಹಾಗಾಗಿ ಇದನ್ನು ವಿಮೆಯ ಕಂತಿನಂತೆ ನೋಡಬೇಕು.

ಸಿಂಗಪುರದವರಿಗೆ ಒಂದು ಲೆಕ್ಕ. ನೀರು ಖಚಿತವಾದ ಮನೆಗೆ ತಿಂಗಳಿಗೆ 1,000 ರೂಪಾಯಿ ಬಾಡಿಗೆ ಹೆಚ್ಚು ಬಂದರೂ 40 ತಿಂಗಳಲ್ಲಿ ನಿಮ್ಮ ಹಣ ವಾಪಸ್ಸು. ಮಾರುವಾಗ ಸಿಗುವ ಹೆಚ್ಚಿನ ಬೆಲೆ ಬೇರೆ. ಇಡೀ ನಗರದಲ್ಲಿ ನಡೆಯುತ್ತಿರುವುದೂ ಇದೇ: ಸಾರ್ವಜನಿಕ ಸಾಲದಿಂದ ಕೊಳವೆ ಬರುತ್ತದೆ, ಮೆಟ್ರೊ ಬರುತ್ತದೆ, ನಿವೇಶನದ ಬೆಲೆ ಏರುತ್ತದೆ, ಏರಿದ ಬೆಲೆ ಪೂರ್ತಿಯಾಗಿ ನಿವೇಶನದ ಮಾಲೀಕನ ಜೇಬಿಗೆ. ಆಸ್ತಿ ತೆರಿಗೆ ಆ ಏರಿಕೆಯ ಹಿಂದೆ ಕುಂಟುತ್ತಾ ಬರುತ್ತದೆ. ಭೂಮಿ ಗಳಿಸಿದ್ದರಲ್ಲಿ ಒಂದು ಪಾಲು ಕೊಳವೆಯ ಸಾಲಕ್ಕೆ ಹೋಗಿದ್ದರೆ ಬಿಂದಿಗೆಯ ಲೆಕ್ಕದಲ್ಲಿ ನೀರು ಕೊಳ್ಳುವವರ ದರದ ಬಗ್ಗೆ ನಾವು ಇಷ್ಟು ಚರ್ಚಿಸಬೇಕಾಗಿರಲಿಲ್ಲ.

ಸಿಂಗಪುರದಲ್ಲಿರುವ ಮಾಲೀಕ

1,000 ಹೆಚ್ಚು ಬರುತ್ತದೆ ಎಂಬುದಕ್ಕೆ ಖಾತರಿ ಏನು? ಕೊಳವೆ ಬಂದರೂ ವಾರಕ್ಕೆರಡು ದಿನ ಮಾತ್ರ ನೀರು ಬಿಟ್ಟರೆ?

ಹುಬ್ಬಳ್ಳಿ ಹಳೇಪೇಟೆ

ಈ ಪ್ರಶ್ನೆ ಮುಖ್ಯವಾದದ್ದು, ಇದಕ್ಕೆ ನಮ್ಮ ಊರಿನಲ್ಲಿ ಉತ್ತರವಿದೆ. ಕೆಲವು ದಿನಗಳಿಗೊಮ್ಮೆ ಮಾತ್ರ ನೀರು ಬರುತ್ತಿದ್ದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ, ಹತ್ತರಲ್ಲಿ ಒಂದು ಪಾಲು ಜನರಿಗೆ, 2008ರಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆಯಿತು. ಹಳೆಯ ಸೋರುವ ಕೊಳವೆ ತೆಗೆದು ಹೊಸದು ಹಾಕಿದರು, ಮನೆಮನೆಗೂ ಮೀಟರ್ ಕೂರಿಸಿದರು. ಸದಾ ನೀರು ಬಂದರೆ ಜನ ಮನಸ್ಸಿಗೆ ಬಂದಂತೆ ಸುರಿಯುತ್ತಾರೆ ಎಂದು ಹೆದರಿದ್ದೆವು. ನಮ್ಮ ಅತ್ತೆಯ ಮನೆ ಆ ವಾರ್ಡಿನಲ್ಲಿತ್ತು. ನಾನು ಕಂಡದ್ದು ಬೇರೆ: ನೀರು ಬಂದ ದಿನ ಹಳೆಯ ನೀರನ್ನು ಚೆಲ್ಲಿ ಹೊಸದನ್ನು ತುಂಬಿಕೊಳ್ಳುವ ಅಭ್ಯಾಸವೇ ಬಿಟ್ಟುಹೋಯಿತು. ಹಂಡೆ, ಪೀಪಾಯಿಗಳು ಅಟ್ಟ ಸೇರಿದವು. ಆ ಓಣಿ ದಾಟಿದರೆ ನಮ್ಮ ಮನೆಯಲ್ಲಿ ಮಾತ್ರ ಮೊದಲಿನ ಸರದಿಯೇ ಇತ್ತು ಎಂಬುದನ್ನೂ ಹೇಳಬೇಕು.

ಆದ್ದರಿಂದ ಸಭೆಯಲ್ಲಿ ದರದ ಬಗ್ಗೆ ಜಗಳವಾಡುವುದಕ್ಕಿಂತ ಎಷ್ಟು ಗಂಟೆ ನೀರು ಬರುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ.

ಕೋಲಾರದವಳು

ನೀರು ಎಲ್ಲಿಂದ ಬರುತ್ತದೆಂದು ಇಷ್ಟು ಮಾತಾಡಿದಿರಿ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಲಿಲ್ಲ. ನಮ್ಮ ಕೆರೆಗೆ ಬರುತ್ತದೆ. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ತುಂಬಿಸಬೇಕೆಂಬುದು ಲೆಕ್ಕ. 2018ರಲ್ಲಿ ಮೊದಲ ನೀರು ಬಂತು. ಕೆರೆ ತುಂಬಿದ್ದು ಕಂಡು ಅಜ್ಜ ಅತ್ತುಬಿಟ್ಟಿದ್ದರು, ಅಷ್ಟು ವರ್ಷ ಆ ಕೆರೆ ಬರಿದಾಗಿತ್ತು. ಬತ್ತಿದ ಬೋರುಗಳಲ್ಲಿ ನೀರು ಕಂಡಿತು. ಆದರೆ ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿ ಬಿಡುವುದೇಕೆ, ಮೂರನೇ ಹಂತ ನಮಗೆ ಬೇಡವೇ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಹಾಗೆಯೇ ಇದೆ.

ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಎಂಬುವನಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂಬುದು ಅವನ ಕೆಲಸ, ಸುಗ್ಗಿಯಲ್ಲಿ ಎಲ್ಲರೂ ಅವನಿಗೆ ಕಾಳು ಅಳೆಯುತ್ತಿದ್ದರು. ಕೆಳಗಿನ ಗದ್ದೆಯವನಿಗೆ ನೀರು ತಲುಪದಿದ್ದರೆ ಊರೇ ಅವನನ್ನು ಕೇಳುತ್ತಿತ್ತು. ನಿಮ್ಮ 96 ಮನೆಗಳಲ್ಲಿ ಆ ಕೆಲಸ ಯಾರದು?

ವರ್ತೂರಿನ ಖಜಾಂಚಿ

ಸದ್ಯಕ್ಕೆ ನನ್ನದೇ ಅಕ್ಕ, ಕಾಳು ಮಾತ್ರ ಯಾರೂ ಅಳೆಯುವುದಿಲ್ಲ.

ಪಂಪ್‌ಹೌಸ್ ನಿವೃತ್ತ

ಖಜಾಂಚಿಯವರೇ, ನಿಮ್ಮಲ್ಲಿ ಮಳೆನೀರು ಸಂಗ್ರಹ ಹೇಗಿದೆ? 2009ರಿಂದ ಕಡ್ಡಾಯ. ಕಡತದಲ್ಲಿ ಇರುವುದನ್ನು ಕೇಳುತ್ತಿಲ್ಲ, ಚಾವಣಿಯ ನೀರು ನಿಜವಾಗಿಯೂ ನೆಲದೊಳಗಿನ ತೊಟ್ಟಿಗೆ ಬೀಳುತ್ತದೆಯೇ?

ವರ್ತೂರಿನ ಖಜಾಂಚಿ

ಸತ್ಯ ಹೇಳುತ್ತೇನೆ. ಕೊಳವೆಯಿದೆ, ಇಂಗುಗುಂಡಿಯಿದೆ, ಶೋಧಕ ಕಸ ಕಟ್ಟಿಕೊಂಡು ನಾಲ್ಕು ವರ್ಷವಾಗಿದೆ. ಬಿದ್ದ ಮಳೆ ನೇರವಾಗಿ ರಸ್ತೆಗೆ ಹೋಗುತ್ತದೆ, ಆ ರಸ್ತೆಯಲ್ಲೇ ಟ್ಯಾಂಕರ್ ಬರುತ್ತದೆ.

ನೀರಿನ ಗಾಡಿ

ಹಾಗೆಯೇ ಇರಲಿ ಸಾರ್, ಸರಿಮಾಡಿಸಬೇಡಿ!

ವರ್ತೂರಿನ ಖಜಾಂಚಿ

ಸಭೆ ಮುಗಿಯಿತು, ವರದಿ ಒಪ್ಪಿಸುತ್ತಿದ್ದೇನೆ. ಸಂಪರ್ಕದ ಪರವಾಗಿ 58, ವಿರುದ್ಧವಾಗಿ 31. ಉಳಿದವರು ಬರಲೇ ಇಲ್ಲ. ಬಾಡಿಗೆಗೆ ಕೊಟ್ಟ ಮಾಲೀಕರಲ್ಲಿ ಹಲವರನ್ನು ಒಲಿಸಿದ್ದು 40 ತಿಂಗಳ ಬಾಡಿಗೆಯ ಲೆಕ್ಕವೇ. ನ್ಯಾಯದ ಮಾತಿಗೆ ಯಾರೂ ಕರಗಲಿಲ್ಲ. ಬಾಡಿಗೆದಾರರ ಪರವಾಗಿ ಇಬ್ಬರು ಸಭೆಯಲ್ಲಿ ಕುಳಿತು ಮಾತಾಡಬಹುದು ಎಂಬ ನಿರ್ಣಯವೂ ಆಯಿತು, ಮತದ ಹಕ್ಕು ಮಾತ್ರ ಸಿಗಲಿಲ್ಲ. ಶೋಧಕದ ದುರಸ್ತಿ ಈ ಮಳೆಗಾಲದ ಮೊದಲೇ ಆಗಬೇಕೆಂದು ಠರಾವು ಬರೆದಾಗಿದೆ.

ಈಗ ಹೊಸ ತಲೆನೋವು. ಮನೆಮನೆಗೂ ಮೀಟರ್ ಹಾಕಬೇಕೆಂದು ಹೊರಟರೆ ನಮ್ಮ ಕಟ್ಟಡದಲ್ಲಿ ಒಂದು ಮನೆಗೆ ಒಂದೇ ಕೊಳವೆಯಲ್ಲ. ಅಡುಗೆಮನೆಗೆ ಒಂದು, ಎರಡು ಬಚ್ಚಲಿಗೆ ಎರಡು, ಬಟ್ಟೆ ಒಗೆಯುವ ಜಾಗಕ್ಕೆ ಇನ್ನೊಂದು, ಹೀಗೆ ನಾಲ್ಕು ಕಡೆಯಿಂದ ನೀರು ಇಳಿಯುತ್ತದೆ. 96 ಮನೆಗೆ 384 ಮೀಟರ್‌ಗಳಾದವು. ಹಳೆಯ ಕಟ್ಟಡದಲ್ಲಿ ಗೋಡೆ ಒಡೆಯದೆ ಇದನ್ನು ಮಾಡಿಸಿದವರು ಯಾರಾದರೂ ಇದ್ದೀರಾ?

ಹುಬ್ಬಳ್ಳಿ ಹಳೇಪೇಟೆ

384 ಬೇಡ. ಮೊದಲು ಅಡುಗೆಮನೆಯ ಕೊಳವೆ ಬಿಟ್ಟು ಬಚ್ಚಲಿನ ಎರಡಕ್ಕೆ ಮಾತ್ರ ಹಾಕಿಸಿ ಮೂರು ತಿಂಗಳು ನೋಡಿ. ಹೆಚ್ಚಿನ ನೀರು ಹೋಗುವುದು ಅಲ್ಲೇ.

ನಾಲ್ಕನೇ ಬ್ಲಾಕ್

ಬಚ್ಚಲಿನ ಮೀಟರ್ ನೋಡಿ ಜನ ಅಡುಗೆಮನೆಯ ನಲ್ಲಿಯಿಂದ ಬಕೆಟ್ ತುಂಬಿಸಿಕೊಳ್ಳುತ್ತಾರೆ. ನಾನಾಗಿದ್ದರೆ ಹಾಗೆಯೇ ಮಾಡುತ್ತಿದ್ದೆ.